ಬೆಳಕನ್ನು ಶ್ರುತಿಗೂಡಿಸಿದವರು

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ತಾಯಿಯವರನ್ನು ಕಣ್ಣಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಬೇಕಾಗಿ ಬಂದಿತು. ನಾಲ್ಕು ವರ್ಷದ ಹಿಂದೆ ಅವರ ಕಣ್ಣಿನ ಪೊರೆ ತೆಗೆದು ಹೊಸ ಮಸೂರವನ್ನು ಕೂರಿಸಿದ್ದರು. ಆಮೇಲೆ ಸಂಜೆ ದೀಪ ಹಚ್ಚಿದ ಮೇಲೆ ಜೈಮಿನಿ ಭಾರತವನ್ನು ತೆಗೆದು ನಾಲ್ಕು ಪದ್ಯ ಓದಿಕೊಳ್ಳುವ ಅವರ ಹಳೆಯ ಅಭ್ಯಾಸ ಮತ್ತೆ ನಡೆದುಬಂದಿತ್ತು. ಈಚೆಗೆ ಆರು ತಿಂಗಳಿಂದ ಪುಸ್ತಕವನ್ನು ಮುಚ್ಚಿಡುವುದು ಹೆಚ್ಚಾಯಿತು. ಕೇಳಿದರೆ, "ಅಕ್ಷರದ ಮೇಲೆಲ್ಲ ಹಾಲಿನ ಕೆನೆ ಕಟ್ಟಿದ ಹಾಗಿದೆ ಕಣೋ" ಎಂದರು. ವೈದ್ಯರು ಪರೀಕ್ಷೆ ಮಾಡಿ, ಕೂರಿಸಿದ ಮಸೂರ ಚೆನ್ನಾಗಿಯೇ ಇದೆ, ಅದರ ಹಿಂದಿನ ತೆಳುಪೊರೆ ಮಬ್ಬಾಗಿದೆ. ಹಲವರಿಗೆ ಹೀಗಾಗುವುದುಂಟು, ಲೇಸರಿನಿಂದ ಅದರಲ್ಲೊಂದು ಕಿಂಡಿ ತೆರೆದರೆ ಸರಿಹೋಗುತ್ತದೆ ಎಂದರು.

ಕತ್ತಿಯಿಲ್ಲ, ಸೂಜಿಯಿಲ್ಲ, ಹಾಸಿಗೆಯೂ ಇಲ್ಲ. ಅಮ್ಮ ಒಂದು ಯಂತ್ರದ ಮುಂದೆ ಕುಳಿತು ಗಲ್ಲವನ್ನು ಅದರ ಆಸರೆಯ ಮೇಲಿಟ್ಟರು. ವೈದ್ಯರು ಆಚೆ ಕಡೆಯಿಂದ ನೋಡುತ್ತ ಒಂದು ಗುಂಡಿಯನ್ನು ಒತ್ತುತ್ತಾ ಹೋದರು. ಟಿಕ್, ಟಿಕ್ ಎಂಬ ಸಣ್ಣ ಸದ್ದು. ಹತ್ತು ನಿಮಿಷದೊಳಗೆ ಎಲ್ಲವೂ ಮುಗಿಯಿತು. ಕಣ್ಣಿಗೆ ಹಾಕಿದ್ದ ಔಷಧಿಯ ಮಂಪರು ಇಳಿದು ಮರುದಿನ ಬೆಳಗಾದಾಗ ಅಮ್ಮ ಕ್ಯಾಲೆಂಡರಿನ ಸಣ್ಣಕ್ಷರದ ತಿಥಿಯನ್ನು ತಾವೇ ಓದಿದರು. ಓದಿ, ನನ್ನ ಕಡೆ ತಿರುಗಿ ಕೇಳಿದರು: "ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರಪ್ಪ?"

ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು ನಾನು. ಭೌತವಿಜ್ಞಾನವನ್ನು ಪಿ.ಯು.ಸಿ.ಯಲ್ಲೇ ಬೀಳ್ಕೊಟ್ಟವನು. ಆದರೂ ಒಂದು ಹೆಸರು ಹುಡುಕಿ ಹೇಳುವುದೇನು ಮಹಾ ಎಂದುಕೊಂಡು, ಭೌತವಿಜ್ಞಾನದ ಸಹೋದ್ಯೋಗಿ ಮಿತ್ರರೊಬ್ಬರಿಂದ ಪುಸ್ತಕಗಳನ್ನು ಎರವಲು ತಂದೆ. ಓದುತ್ತ ಹೋದಂತೆ ಒಂದು ಹೆಸರು ಎರಡಾಯಿತು, ಎರಡು ಆರಾಯಿತು. ಕೊನೆಗೆ ನನಗೆ ಚಿರಪರಿಚಿತವಾದ ಒಂದು ತಕರಾರಿನ ನಡುವೆ ಬಂದು ನಿಂತೆ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಾವು ಕನ್ನಡದವರು ತಲೆಮಾರುಗಳಿಂದ ಚರ್ಚಿಸುತ್ತ ಬಂದಿದ್ದೇವೆ. ಲೇಸರಿನದೂ ಅಂಥದೇ ಕಥೆ.

ಮೊದಲು ವಸ್ತುವೇನೆಂಬುದನ್ನು ತಿಳಿಯೋಣ. ಪರಮಾಣುವಿಗೆ ಶಕ್ತಿಯ ಮೆಟ್ಟಿಲುಗಳುಂಟು. ತಕ್ಕ ಪ್ರಮಾಣದ ಬೆಳಕನ್ನು ನುಂಗಿದರೆ ಅದು ಮೇಲಿನ ಮೆಟ್ಟಿಲಿಗೆ ಏರುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಕೆಳಗಿಳಿದು ಆ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಎಣ್ಣೆಯ ದೀಪವಾಗಲಿ, ವಿದ್ಯುದ್ದೀಪವಾಗಲಿ, ಸೂರ್ಯನೇ ಆಗಲಿ, ಅಲ್ಲೆಲ್ಲ ಬೆಳಕು ಹುಟ್ಟುವ ಬಗೆ ಹೆಚ್ಚುಕಡಮೆ ಹೀಗೆಯೇ. ಒಂದೊಂದು ಪರಮಾಣುವೂ ತನಗೆ ತೋರಿದಾಗ, ತನಗೆ ತೋರಿದ ದಿಕ್ಕಿಗೆ ಬೆಳಕನ್ನು ಚೆಲ್ಲುತ್ತದೆ. ಸಂತೆಯ ಗದ್ದಲವಿದ್ದ ಹಾಗೆ: ಸದ್ದು ಬೇಕಾದಷ್ಟು, ಹಾಡಿಲ್ಲ.

ಐನ್‌ಸ್ಟೈನ್ 1916-17ರಲ್ಲಿ ಬೆಳಕಿನ ಮತ್ತು ಪರಮಾಣುಗಳ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಬಿಡಿಸುತ್ತ ಮೂರನೆಯ ಒಂದು ಕ್ರಿಯೆ ಇರಲೇಬೇಕೆಂದು ಕಂಡುಕೊಂಡ. ಮೇಲಿನ ಮೆಟ್ಟಿಲಲ್ಲಿ ಕುಳಿತಿರುವ ಪರಮಾಣುವಿನ ಬಳಿ, ಅದು ಹೊರಚೆಲ್ಲಬಹುದಾದ ಬೆಳಕಿನಂಥದೇ ಬೆಳಕು ಹಾದುಹೋದರೆ, ಅದರ ಪ್ರಚೋದನೆಯಿಂದಲೇ ಪರಮಾಣು ಕೆಳಗಿಳಿಯುತ್ತದೆ. ಆಗ ಹೊರಡುವ ಬೆಳಕು ಬಂದ ಬೆಳಕಿನ ಅಚ್ಚೊತ್ತಿದ ಪ್ರತಿ: ಅದೇ ಬಣ್ಣ, ಅದೇ ದಿಕ್ಕು, ಅಲೆಯ ಏರಿಳಿತದಲ್ಲೂ ಅದೇ ಹೆಜ್ಜೆ. ಇದಕ್ಕೆ ಪ್ರಚೋದಿತ ಉತ್ಸರ್ಜನೆ ಎಂದು ಹೆಸರು. ಹೆಸರು ಗಡಸಾದರೂ ವಿಷಯ ನಮಗೆ ಹೊಸದಲ್ಲ. ಶ್ರುತಿಗೂಡಿಸಿದ ಎರಡು ತಂಬೂರಿಗಳನ್ನು ಹತ್ತಿರವಿಟ್ಟು ಒಂದರ ತಂತಿಯನ್ನು ಮೀಟಿದರೆ, ಮುಟ್ಟದೆಯೇ ಇನ್ನೊಂದರ ತಂತಿ ಮಿಡಿಯುವುದನ್ನು ಸಂಗೀತಗಾರರ ಮನೆಯಲ್ಲಿ ಬೆಳೆದವರೆಲ್ಲ ಬಲ್ಲರು. ಹೋಲಿಕೆ ಪೂರ್ತಿಯಾದುದಲ್ಲ, ಆದರೆ ಶ್ರುತಿ ಸರಿಯಿದ್ದರೆ ಮಾತ್ರ ಓಗೊಡುವ ಗುಣ ಎರಡಕ್ಕೂ ಸಮಾನ.

ಒಂದು ಬೆಳಕು ಎರಡಾಯಿತು, ಎರಡು ನಾಲ್ಕಾಗಬೇಕು, ನಾಲ್ಕು ಎಂಟಾಗಬೇಕು. ಹಾಗಾದರೆ ಲೇಸರು ಅಂದೇ ಏಕೆ ಹುಟ್ಟಲಿಲ್ಲ? ಅಡ್ಡಿ ಇಷ್ಟೆ. ಯಾವುದೇ ವಸ್ತುವಿನಲ್ಲಿ ಸಹಜವಾಗಿ ಕೆಳಗಿನ ಮೆಟ್ಟಿಲಲ್ಲಿರುವ ಪರಮಾಣುಗಳೇ ಬಹಳ. ಮೇಲೆ ಕುಳಿತವು ಕೆಲವೇ ಕೆಲವು. ಹಾದುಹೋಗುವ ಬೆಳಕನ್ನು ಇಮ್ಮಡಿಸುವವರಿಗಿಂತ ನುಂಗುವವರೇ ಹೆಚ್ಚು. ಅಂಗಳದಲ್ಲಿರುವುದಕ್ಕಿಂತ ಹೆಚ್ಚು ಜನರನ್ನು ಅಟ್ಟದ ಮೇಲೆ ಕೂಡಿಹಾಕಿದ ಹಾಗೆ ಈ ಸಂಖ್ಯೆಯನ್ನು ತಲೆಕೆಳಗು ಮಾಡಬೇಕು. ಸೋವಿಯತ್ ದೇಶದ ಫ್ಯಾಬ್ರಿಕಾಂಟ್ ಎಂಬ ವಿಜ್ಞಾನಿ 1940ರ ಸುಮಾರಿಗೇ ಇಂಥ ಸಾಧ್ಯತೆಯನ್ನು ಚರ್ಚಿಸಿದ್ದ. ಆದರೆ ಆ ಮಾತಿಗೆ ಕಿವಿಗೊಟ್ಟವರು ಕಡಮೆ.

ಇನ್ನು ಅಮೆರಿಕಕ್ಕೆ ಬರೋಣ. 1951ನೆಯ ಏಪ್ರಿಲ್ 26ರ ಬೆಳಗ್ಗೆ ಕೊಲಂಬಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಟೌನ್ಸ್ ಎಂಬಾತ ವಾಷಿಂಗ್ಟನ್ ನಗರದ ಫ್ರಾಂಕ್ಲಿನ್ ಉದ್ಯಾನದಲ್ಲಿ ಒಂದು ಬೆಂಚಿನ ಮೇಲೆ ಕುಳಿತಿದ್ದ. ಯಾವುದೋ ಸಮಿತಿಯ ಸಭೆಗೆಂದು ಬಂದವನು. ಕೊಠಡಿಯಲ್ಲಿ ಜೊತೆಗಿದ್ದ ಆರ್ಥರ್ ಷಾಲೋ ಇನ್ನೂ ನಿದ್ದೆಯಲ್ಲಿದ್ದ. ಸುತ್ತ ಹೂಗಿಡಗಳು ಅರಳಿ ನಿಂತಿದ್ದವು. ಅತಿ ಕಿರಿದಾದ ರೇಡಿಯೋ ಅಲೆಗಳನ್ನು ಉತ್ಪಾದಿಸುವುದು ಹೇಗೆಂಬ ಚಿಂತೆ ಅವನದು. ಮನುಷ್ಯ ಮಾಡಿದ ಯಂತ್ರ ಅಷ್ಟು ಸೂಕ್ಷ್ಮವಾಗಲಾರದು. ಅಣುಗಳಿಂದಲೇ ಈ ಕೆಲಸ ಮಾಡಿಸಬಾರದೇಕೆ ಎಂದು ತಟ್ಟನೆ ಹೊಳೆಯಿತು. ಜೇಬಿನಲ್ಲಿದ್ದ ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಅಮೋನಿಯ ಅನಿಲದ ಅಣುಗಳಲ್ಲಿ ಮೇಲಿನ ಮೆಟ್ಟಿಲವನ್ನು ವಿದ್ಯುತ್ ಕ್ಷೇತ್ರದಿಂದ ಆರಿಸಿ, ಒಂದು ಲೋಹದ ಗೂಡಿನೊಳಕ್ಕೆ ಹಾಯಿಸಿದರೆ ಸಾಕು ಎಂದು ಲೆಕ್ಕ ತೋರಿಸಿತು.

ಲಕೋಟೆಯ ಲೆಕ್ಕ ಯಂತ್ರವಾಗುವುದಕ್ಕೆ ಮೂರು ವರ್ಷ ಹಿಡಿಯಿತು. ಎರಡು ವರ್ಷ ಕಳೆದಾಗ ರಾಬಿ ಮತ್ತು ಕುಷ್ ಎಂಬ ಹಿರಿಯರಿಬ್ಬರು ಟೌನ್ಸನ ಕೋಣೆಗೆ ಬಂದು, ಇದು ಆಗುವ ಕೆಲಸವಲ್ಲ, ಹಣ ಪೋಲು ಮಾಡಬೇಡ, ನಿಲ್ಲಿಸು ಎಂದು ಬುದ್ಧಿ ಹೇಳಿದರು. ರಾಬಿ ಆಗಲೇ ನೊಬೆಲ್ ಬಹುಮಾನ ಪಡೆದವನು. ಕುಷ್ 1955ರಲ್ಲಿ ಪಡೆದ. ಟೌನ್ಸ್ ಒಪ್ಪಲಿಲ್ಲ. ಅವನ ಹುದ್ದೆ ಖಾಯಂ ಆಗಿತ್ತು, ತೆಗೆದುಹಾಕುವಂತಿರಲಿಲ್ಲ! (ಅಧ್ಯಾಪಕರ ನೌಕರಿ ಖಾಯಮಾಗುವುದರಿಂದ ಲೋಕಕ್ಕೇನು ಲಾಭ ಎಂದು ಕೇಳುವವರಿಗೆ ಇದೊಂದು ಉತ್ತರ.) ಅದಾದ ಕೆಲವೇ ತಿಂಗಳಲ್ಲಿ, 1954ರ ಏಪ್ರಿಲಿನಲ್ಲಿ, ಶಿಷ್ಯ ಜೇಮ್ಸ್ ಗೋರ್ಡನ್ ಗುರು ಪಾಠ ನಡೆಸುತ್ತಿದ್ದಲ್ಲಿಗೆ ನುಗ್ಗಿ ಬಂದು ಯಂತ್ರ ನಡೆಯುತ್ತಿದೆ ಎಂದು ಸಾರಿದ. ಅದೇ ಮೇಸರ್. ಅದು ಹೊಮ್ಮಿಸಿದ್ದು ಬೆಳಕನ್ನಲ್ಲ, ಸುಮಾರು ಒಂದೂಕಾಲು ಸೆಂಟಿಮೀಟರು ಉದ್ದದ ರೇಡಿಯೋ ಅಲೆಯನ್ನು. ಇದು ಸಾಧ್ಯವಿಲ್ಲವೆಂದು ನೀಲ್ಸ್ ಬೋರ್ ಅಂಥವರೂ ಮೊದಲು ತಲೆಯಾಡಿಸಿದರೆಂದು ಟೌನ್ಸ್ ಮುಂದೆ ಬರೆದುಕೊಂಡಿದ್ದಾನೆ. ಇದೇ ಹೊತ್ತಿನಲ್ಲಿ ಮಾಸ್ಕೋವಿನ ಲೆಬೆದೆವ್ ಸಂಸ್ಥೆಯಲ್ಲಿ ಬಾಸೊವ್ ಮತ್ತು ಪ್ರೊಖೊರೊವ್ ಎಂಬಿಬ್ಬರು ತಾವಾಗಿಯೇ ಇದೇ ತತ್ತ್ವವನ್ನು ಕಂಡುಕೊಂಡಿದ್ದರು. ದೇಶಗಳೆರಡು ಒಂದನ್ನೊಂದು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ವಿಚಾರ ಮಾತ್ರ ಎರಡೂ ಕಡೆ ಒಟ್ಟಿಗೆ ಹುಟ್ಟಿತು.

ರೇಡಿಯೋ ಅಲೆಯಿಂದ ಬೆಳಕಿಗೆ ಹಾರುವುದು ಸುಲಭವಲ್ಲ. ಬೆಳಕಿನ ಅಲೆ ಸಾವಿರಾರು ಪಟ್ಟು ಕಿರಿದು. ಅದಕ್ಕೆ ಒಪ್ಪುವ ಲೋಹದ ಗೂಡನ್ನು ಯಾರು ಕೊರೆಯಬೇಕು? ಇದಕ್ಕೆ ಉಪಾಯ ಕಂಡವರಲ್ಲಿ ಷಾಲೋ ಒಬ್ಬ. ಅಂದು ಕೊಠಡಿಯಲ್ಲಿ ಮಲಗಿದ್ದವನೇ; ಅಷ್ಟರಲ್ಲಿ ಟೌನ್ಸನ ತಂಗಿಯ ಗಂಡನೂ ಆಗಿದ್ದ. ಗೂಡೇ ಬೇಡ, ಎದುರುಬದುರಾಗಿ ಎರಡು ಕನ್ನಡಿಗಳಿದ್ದರೆ ಸಾಕು ಎಂದು ಆತ ತೋರಿಸಿದ. ಓರೆಯಾಗಿ ಹೊರಟ ಬೆಳಕು ಪಕ್ಕದಿಂದ ಸೋರಿಹೋಗುತ್ತದೆ. ನೇರವಾಗಿ ಹೊರಟದ್ದು ಮಾತ್ರ ಕನ್ನಡಿಯಿಂದ ಕನ್ನಡಿಗೆ ಮತ್ತೆ ಮತ್ತೆ ಓಡಾಡುತ್ತ, ದಾರಿಯಲ್ಲಿ ಸಿಕ್ಕ ಪರಮಾಣುಗಳನ್ನೆಲ್ಲ ತನ್ನ ಶ್ರುತಿಗೆ ಎಳೆದುಕೊಳ್ಳುತ್ತ ಬೆಳೆಯುತ್ತದೆ. ಒಂದು ಕನ್ನಡಿಯನ್ನು ಸ್ವಲ್ಪ ಬೆಳಕು ಹಾಯುವಂತೆ ಮಾಡಿದರೆ ಅಲ್ಲಿಂದ ಕಿರಣ ಹೊರಬೀಳುತ್ತದೆ. ಲೇಸರು ಚದುರದೆ ನೆಟ್ಟಗೆ ಹೋಗುವ ಗುಟ್ಟಿನ ಬಹುಪಾಲು ಈ ಕನ್ನಡಿಗಳಲ್ಲಿದೆ. ಟೌನ್ಸ್ ಮತ್ತು ಷಾಲೋ ಇಬ್ಬರೂ ಸೇರಿ 1958ರ ಡಿಸೆಂಬರಿನಲ್ಲಿ ಈ ವಿಚಾರವನ್ನು ಪ್ರಕಟಿಸಿದರು.

ತಕರಾರು ಹುಟ್ಟುವುದು ಇಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ, 1957ರ ನವೆಂಬರಿನಲ್ಲಿ, ಅದೇ ಕೊಲಂಬಿಯದಲ್ಲಿ ಅದೇ ಕುಷ್‌ನ ಕೈಕೆಳಗೆ ಡಾಕ್ಟರೇಟಿಗೆ ಓದುತ್ತಿದ್ದ 37 ವರ್ಷದ ಗೋರ್ಡನ್ ಗೌಲ್ಡ್ ತನ್ನ ನೋಟ್‌ಬುಕ್ಕಿನಲ್ಲಿ ಎರಡು ಕನ್ನಡಿಗಳ ಉಪಾಯವನ್ನೂ ಅದರಿಂದಾಗಬಹುದಾದ ಪ್ರಯೋಜನಗಳನ್ನೂ ಬರೆದಿಟ್ಟಿದ್ದ. ಮೊದಲ ಪುಟದಲ್ಲಿ ಒಂದು ಹೊಸ ಹೆಸರು: ಲೇಸರ್. ಲೈಟ್, ಆಂಪ್ಲಿಫಿಕೇಷನ್, ಸ್ಟಿಮ್ಯುಲೇಟೆಡ್, ಎಮಿಷನ್, ರೇಡಿಯೇಷನ್ ಎಂಬ ಐದು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು. ಹಾಳೆಗಳನ್ನು ಮಿಠಾಯಿ ಅಂಗಡಿಯೊಂದರಲ್ಲಿ ಕೂರುತ್ತಿದ್ದ ನೋಟರಿಯ ಬಳಿಗೆ ಒಯ್ದು ತಾರೀಕು, ಮುದ್ರೆ ಹಾಕಿಸಿಕೊಂಡ. ಆದರೆ ಯಂತ್ರವನ್ನು ಮಾಡಿ ತೋರಿಸದೆ ಪೇಟೆಂಟು ಸಿಗದೆಂದು ತಪ್ಪು ತಿಳಿದು, ಅರ್ಜಿಯನ್ನು 1959ರವರೆಗೂ ಹಾಕಲಿಲ್ಲ. ಅಷ್ಟರಲ್ಲಿ ಟೌನ್ಸ್ ಮತ್ತು ಷಾಲೋ ಅರ್ಜಿ ಹೋಗಿತ್ತು. ಗೌಲ್ಡ್ ಓದನ್ನೂ ಅರ್ಧಕ್ಕೆ ಬಿಟ್ಟು ಒಂದು ಕಂಪನಿಗೆ ಸೇರಿದ. ಅಮೆರಿಕದ ರಕ್ಷಣಾ ಇಲಾಖೆ ಅವನ ಯೋಜನೆಗೆ ಆ ಕಂಪನಿಯವರು ಕೇಳಿದ ಹಣದ ಮೂರು ಪಾಲಿಗೂ ಮಿಕ್ಕಿ ಕೊಟ್ಟಿತು. ಕೊಟ್ಟು, ಕೆಲಸವನ್ನು ರಹಸ್ಯವೆಂದು ಘೋಷಿಸಿತು. ಎಳೆಯ ವಯಸ್ಸಿನಲ್ಲಿ ಗೌಲ್ಡ್ ಎಡಪಂಥೀಯರ ಗೋಷ್ಠಿಗೆ ಹೋಗುತ್ತಿದ್ದನಾದ್ದರಿಂದ, ಅವನದೇ ವಿಚಾರದ ಮೇಲೆ ನಡೆಯುತ್ತಿದ್ದ ರಹಸ್ಯ ಕೆಲಸಕ್ಕೆ ಅವನಿಗೇ ಪ್ರವೇಶವಿಲ್ಲವಾಯಿತು.

ಇಷ್ಟಾದರೂ ಲೇಸರನ್ನು ಇನ್ನೂ ಯಾರೂ ಕಂಡಿರಲಿಲ್ಲ. ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಪೈಪೋಟಿಗೆ ಬಿದ್ದಿದ್ದವು. ಗೆದ್ದವನು ಯಾರೂ ಎಣಿಸದ ಒಬ್ಬಾತ: ಕ್ಯಾಲಿಫೋರ್ನಿಯದ ಮಾಲಿಬು ಎಂಬಲ್ಲಿ ಹ್ಯೂಸ್ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಥಿಯೊಡರ್ ಮೈಮನ್. ಆತ ಆರಿಸಿಕೊಂಡದ್ದು ಕೃತಕವಾಗಿ ಬೆಳೆಸಿದ ಮಾಣಿಕ್ಯವನ್ನು. ಮಾಣಿಕ್ಯದಿಂದ ಆಗದು ಎಂದು ಷಾಲೋ ಬಹಿರಂಗವಾಗಿಯೇ ಹೇಳಿದ್ದ. ಮಾಣಿಕ್ಯ ನುಂಗಿದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕೆಂಪಾಗಿ ಹಿಂದಿರುಗುತ್ತದೆಂದು ಅಳತೆಯೊಂದು ಹೇಳುತ್ತಿತ್ತು. ಮೈಮನ್ ಆ ಅಳತೆಯನ್ನು ನಂಬದೆ ತಾನೇ ಅಳೆದು ನೋಡಿದ. ಬಂದದ್ದು ನೂರಕ್ಕೆ ಎಪ್ಪತ್ತರ ಮೇಲೆ. ಹಸ್ತಪ್ರತಿಯ ಪಾಠವನ್ನು ಯಾರೋ ಅಚ್ಚು ಮಾಡಿದ್ದಾರೆಂದು ನಂಬದೆ ಓಲೆಯನ್ನೇ ತೆಗೆದು ನೋಡುವ ವಿದ್ವಾಂಸರ ನೆನಪು ನನಗೆ ಇಲ್ಲಿ ಬಂದಿತು.

ಮಾಣಿಕ್ಯಕ್ಕೆ ಕೆಂಪು ಬರುವುದು ಅದರಲ್ಲಿ ಬೆರೆತ ತುಸು ಕ್ರೋಮಿಯಮ್ಮಿನಿಂದ. ಹಸಿರು ನೀಲಿ ಬೆಳಕನ್ನು ನುಂಗಿ ಆ ಪರಮಾಣುಗಳು ಅಟ್ಟಕ್ಕೇರುತ್ತವೆ. ಅಲ್ಲಿಂದ ತಕ್ಷಣ ಸ್ವಲ್ಪ ಕೆಳಗಿನ ಹಲಗೆಗೆ ಇಳಿದು, ಕೆಲವು ಸಾವಿರಾಂಶ ಸೆಕೆಂಡು ಅಲ್ಲಿಯೇ ತಂಗುತ್ತವೆ. ಪರಮಾಣುವಿನ ಲೆಕ್ಕದಲ್ಲಿ ಇದು ದೀರ್ಘಕಾಲ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಪರಮಾಣುಗಳನ್ನು ಹಲಗೆಯ ಮೇಲೆ ಕೂಡಿಹಾಕಬೇಕಾದರೆ ಒಮ್ಮೆಲೇ ಬಹಳ ಬೆಳಕು ಬೇಕು. ಫೋಟೋ ತೆಗೆಯುವವರು ಬಳಸುವ ಸುರುಳಿಯಾಕಾರದ ಮಿಂಚುದೀಪವೇ ಸಾಕೆಂದು ಮೈಮನ್ ಲೆಕ್ಕ ಹಾಕಿದ. ಎರಡೂ ತುದಿಗೆ ಬೆಳ್ಳಿ ಲೇಪಿಸಿದ, ಬೆರಳ ಗೆಣ್ಣಿನಷ್ಟು ಮಾಣಿಕ್ಯದ ದಿಂಡನ್ನು ಆ ಸುರುಳಿಯೊಳಗಿಟ್ಟ. 1960ನೆಯ ಮೇ 16ರಂದು ಮಿಂಚಿನ ಬಲವನ್ನು ಏರಿಸುತ್ತ ಹೋದಂತೆ, ಒಂದು ಹಂತದಲ್ಲಿ ಕೆಂಪು ಬೆಳಕು ಇದ್ದಕ್ಕಿದ್ದಂತೆ ನೂರ್ಮಡಿ ಹುರುಪಿನಿಂದ ಹೊಮ್ಮಿತು. ಅದರ ಅಲೆಯ ಉದ್ದ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗದಲ್ಲಿ 694 ಭಾಗ. ಅದುವೇ ಮೊದಲ ಲೇಸರು.

ಅಮೆರಿಕದ ಹೆಸರಾಂತ ಭೌತವಿಜ್ಞಾನ ಪತ್ರಿಕೆ ಅವನ ಲೇಖನವನ್ನು ಹಿಂದಿರುಗಿಸಿತು. ಇನ್ನೊಂದು ಮೇಸರ್ ಲೇಖನವೆಂದು ಸಂಪಾದಕರಿಗೆ ತೋರಿರಬೇಕು. ಇಂಗ್ಲೆಂಡಿನ 'ನೇಚರ್' ಪತ್ರಿಕೆ ಆಗಸ್ಟ್ 6ರಂದು ಒಂದು ಪುಟವನ್ನೂ ಮೀರದ ಅವನ ಬರಹವನ್ನು ಅಚ್ಚು ಹಾಕಿತು. ಅದಕ್ಕೆ ಮೊದಲೇ ದಿನಪತ್ರಿಕೆಗಳು ಇದನ್ನು ಕೊಲ್ಲುವ ಕಿರಣವೆಂದು ಸಾರಿಯಾಗಿತ್ತು. ಇದೊಂದು ಸಮಸ್ಯೆಯನ್ನು ಹುಡುಕಿಕೊಂಡು ಹೊರಟ ಪರಿಹಾರ ಎಂದು ಮೈಮನ್ನನ ಸಹಾಯಕ ತಮಾಷೆ ಮಾಡಿದನಂತೆ. ಸಮಸ್ಯೆ ಬೇಗನೆ ಸಿಕ್ಕಿತು. 1961ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಅಕ್ಷಿಪಟದ ಗಂತಿಯನ್ನು ಮಾಣಿಕ್ಯದ ಲೇಸರಿನಿಂದ ಸುಟ್ಟು ತೆಗೆದರು. ಕೊಲ್ಲುವ ಕಿರಣದ ಮೊದಲ ಉಪಯೋಗಗಳಲ್ಲೊಂದು ಕಣ್ಣನ್ನು ಉಳಿಸುವುದಾಯಿತು.

ಮುಂದಿನ ವಂಶವೃಕ್ಷ ಬೇಗ ಬೇಗ ಕವಲೊಡೆಯಿತು. ಇರಾನಿನ ಟೆಹರಾನಿನಲ್ಲಿ ಹುಟ್ಟಿದ ಅಲಿ ಜವಾನ್ ಮತ್ತು ಸಂಗಡಿಗರು 1960ರ ಡಿಸೆಂಬರಿನಲ್ಲಿ ಹೀಲಿಯಮ್ ನಿಯಾನ್ ಅನಿಲಗಳಿಂದ ಎಡೆಬಿಡದೆ ಹರಿಯುವ ಕಿರಣವನ್ನು ಪಡೆದರು. 1962ರಲ್ಲಿ ಅರೆವಾಹಕದ ಚೂರೊಂದು ಲೇಸರಾಯಿತು; ಅಂಗಡಿಯಲ್ಲಿ ಸಾಮಾನಿನ ಗೆರೆಗಳನ್ನು ಓದುವ ಎಷ್ಟೋ ಯಂತ್ರಗಳಲ್ಲಿ, ಪಾಠ ಹೇಳುವಾಗ ನಾವು ಹಲಗೆಯತ್ತ ತೋರಿಸುವ ಕೆಂಪು ಕಡ್ಡಿಯಲ್ಲಿ ಇರುವುದು ಅದರ ಸಂತತಿ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಓದಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಇಂಗಾಲಾಮ್ಲದ ಲೇಸರನ್ನು ಕಟ್ಟಿದರು. ಉಕ್ಕಿನ ತಗಡನ್ನು ಕೊಯ್ಯುವ ಬಲ ಅದಕ್ಕೆ. ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದ ಸಿ. ವಿ. ರಾಮನ್ ಅವರಿಗೂ ಇಲ್ಲಿ ಒಂದು ನಂಟುಂಟು. 1928ರಲ್ಲಿ ಅವರು ಕಂಡುಹಿಡಿದ ಪರಿಣಾಮ ಬಹಳ ಮಸುಕಾದುದು. ಪಾದರಸದ ದೀಪವಿಟ್ಟುಕೊಂಡು ಗಂಟೆಗಟ್ಟಲೆ ಕಾಯಬೇಕಾಗಿತ್ತು. ಒಂದೇ ಬಣ್ಣದ ಬಲವಾದ ಲೇಸರು ಬಂದ ಮೇಲೆ ಆ ವಿದ್ಯೆಗೆ ಮರುಹುಟ್ಟು ಬಂದಿತು.

ಕಿರಣದ ನಡತೆಯನ್ನು ಕುರಿತು ಒಂದೆರಡು ಮಾತು. ಲೇಸರು ಎಂದೂ ಹರಡುವುದೇ ಇಲ್ಲವೆಂಬುದು ತಪ್ಪು. 1969ರಲ್ಲಿ ಚಂದ್ರನ ಮೇಲಿಟ್ಟು ಬಂದ ಪ್ರತಿಫಲಕಗಳಿಗೆ ಭೂಮಿಯಿಂದ ಗುರಿಯಿಟ್ಟ ಕಿರಣ, ಅಲ್ಲಿ ಮುಟ್ಟುವಷ್ಟರಲ್ಲಿ ಕೆಲವು ಕಿಲೋಮೀಟರು ಅಗಲವಾಗಿರುತ್ತದೆ. ನಾಲ್ಕು ಲಕ್ಷ ಕಿಲೋಮೀಟರಿಗೆ ಹತ್ತಿರದ ಆ ದಾರಿಗೆ ಅದು ಏನೂ ಅಲ್ಲ. ಹಿಂದಿರುಗಿದ ಮಿಣುಕನ್ನು ಅಳೆದು, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರು ದೂರ ಸರಿಯುತ್ತಿದ್ದಾನೆಂದು ತಿಳಿದಿದ್ದಾರೆ. ಇನ್ನೊಂದು ಗುಣ, ಕಿರಣವನ್ನು ಮಸೂರದಿಂದ ಅತಿ ಸಣ್ಣ ಚುಕ್ಕೆಗೆ ಕೂಡಿಸಬಹುದು. ಮಕ್ಕಳು ಆಡುವ ಲೇಸರು ಕಡ್ಡಿಯ ಬಲ ಮನೆಯ ಬಲ್ಬಿನ ಸಾವಿರದ ಒಂದು ಪಾಲೂ ಇಲ್ಲದಿರಬಹುದು. ಆದರೂ ಅದನ್ನು ಕಣ್ಣಿಗೆ ಹಿಡಿಯಬಾರದು; ನಮ್ಮ ಕಣ್ಣಿನ ಮಸೂರವೇ ಅದನ್ನು ಅಕ್ಷಿಪಟದ ಮೇಲೆ ಒಂದು ಮೊನೆಯಾಗಿ ಕೂಡಿಸಿಬಿಡುತ್ತದೆ.

ಅಮ್ಮನ ಕಣ್ಣಿನಲ್ಲಿ ಕೆಲಸ ಮಾಡಿದ್ದೂ ಈ ಗುಣವೇ. ಆ ಯಂತ್ರದ ಹೃದಯ ನಿಯೋಡಿಮಿಯಮ್ ಬೆರೆಸಿದ ಒಂದು ಹರಳು; ಅದರ ಕಿರಣ ಕಣ್ಣಿಗೆ ಕಾಣದ ಅವಕೆಂಪು. ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟು ಹೊತ್ತು ಅದು ಮಿಡಿಯುತ್ತದೆ. ಕಣ್ಣಿನ ಮುಂಭಾಗದಲ್ಲಿ ಅಗಲವಾಗಿರುವುದರಿಂದ ಅಲ್ಲಿ ಯಾರಿಗೂ ನೋವು ಮಾಡದೆ ಹಾದುಹೋಗಿ, ಪೊರೆಯ ಬಳಿ ಮೊನೆಗೂಡುತ್ತದೆ. ಅಲ್ಲೊಂದು ಕಿಡಿ, ಟಿಕ್ ಎಂಬ ಸದ್ದು, ಪೊರೆಯಲ್ಲೊಂದು ರಂಧ್ರ. ಈ ಚಿಕಿತ್ಸೆಯನ್ನು ರೂಢಿಗೆ ತಂದವರಲ್ಲಿ ಪ್ಯಾರಿಸ್ಸಿನ ಡಾನಿಯೆಲ್ ಆರೋನ್ ರೋಸಾ ಎಂಬ ವೈದ್ಯೆಯೂ ಸ್ವಿಟ್ಸರ್ಲೆಂಡಿನ ಫಾಂಕ್‌ಹೌಸರ್ ಎಂಬ ವೈದ್ಯರೂ ಮುಖ್ಯರು.

ಹಾಗಾದರೆ ಪುಣ್ಯಾತ್ಮ ಯಾರು? 1964ರ ನೊಬೆಲ್ ಬಹುಮಾನ ಟೌನ್ಸ್, ಬಾಸೊವ್, ಪ್ರೊಖೊರೊವ್ ಮೂವರಿಗೆ ಸಂದಿತು. ಷಾಲೋಗೆ ಲೇಸರಿನಿಂದ ಮಾಡಿದ ಬೇರೆ ಕೆಲಸಕ್ಕಾಗಿ 1981ರಲ್ಲಿ ಬಂದಿತು. ಮೊದಲ ಲೇಸರನ್ನು ಹೊತ್ತಿಸಿದ ಮೈಮನ್ ಬಹುಮಾನವಿಲ್ಲದೆಯೇ 2007ರಲ್ಲಿ ತೀರಿಕೊಂಡ. ಗೌಲ್ಡ್ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು, 1977ರಲ್ಲಿ ಒಂದು ಮುಖ್ಯ ಪೇಟೆಂಟನ್ನೂ ಮುಂದಿನ ವರ್ಷಗಳಲ್ಲಿ ಉಳಿದವನ್ನೂ ಪಡೆದ. ತತ್ತ್ವ ಐನ್‌ಸ್ಟೈನನದು, ದಾರಿ ಟೌನ್ಸ್ ಮತ್ತು ರಷ್ಯದವರದು, ಹೆಸರು ಗೌಲ್ಡನದು, ವಸ್ತು ಮೈಮನ್ನನದು. ಇವರಲ್ಲಿ ಒಬ್ಬನನ್ನು ಆರಿಸಿ ಉಳಿದವರನ್ನು ಬಿಡುವುದು ನನ್ನಿಂದಾಗಲಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ಗ್ರಂಥವೊಂದರಲ್ಲಿ ರಾಜನ ಹೆಸರು ಎದ್ದು ಕಂಡು, ಬರೆದ ಕೈಯ ಹೆಸರು ಮಸುಕಾದರೆ ಆ ಕೈಗಾಗಿ ಹುಡುಕುವುದು ನಮ್ಮ ಓದಿನ ಧರ್ಮ. ಬಹುಮಾನದ ಪಟ್ಟಿಯನ್ನು ಓದುವಾಗಲೂ ಆ ಧರ್ಮವನ್ನು ಬಿಡಬಾರದು.

ಒಂದು ಸಂಜೆ ಈ ಕಥೆಯನ್ನೆಲ್ಲ ಅಮ್ಮನಿಗೆ ಹೇಳಿದೆ. ಜೈಮಿನಿ ಭಾರತವನ್ನು ತೊಡೆಯ ಮೇಲಿಟ್ಟುಕೊಂಡು ಸಾವಧಾನವಾಗಿ ಕೇಳಿದರು. "ಇಷ್ಟು ಜನಾನ! ಹಾಗಾದರೆ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ" ಎಂದು ದೀಪದ ಕಡೆ ಕೈಮುಗಿದರು. ಕನ್ನಡಕ ಸರಿಮಾಡಿಕೊಂಡು ಪುಟ ತಿರುಗಿಸುತ್ತ, ಏನೋ ನೆನಪಾದವರಂತೆ ಕೇಳಿದರು: "ಆ ಹೆಸರಿಟ್ಟವನು, ಮಿಠಾಯಿ ಅಂಗಡಿಗೆ ಹೋದವನು, ಅವನಿಗೆ ಕಡೆಗೆ ದುಡ್ಡು ಬಂತೇನಪ್ಪ?"

"ಬಂತಮ್ಮ, ಮೂವತ್ತು ವರ್ಷ ವ್ಯಾಜ್ಯ ಆಡಿದ ಮೇಲೆ, ಬೇಕಾದಷ್ಟು ಬಂತು" ಎಂದೆ.

"ಸದ್ಯ" ಎಂದು ಅಮ್ಮ ಓದುವುದಕ್ಕೆ ತೊಡಗಿದರು.